ಮರ್ಕ್ಯುರಿಯಲ್‌ನ ಭಾಗಗಳನ್ನು ರಸ್ಟ್‌ನಲ್ಲಿ ಬರೆದರು ಅಂತಾರೆ, ವೇಗ ನಿಜವಾಗಿ ಎಲ್ಲಿಂದ ಬಂತು?

ಮೂಡಿಗೆರೆ ಮಳೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡದಲ್ಲಿದ್ದೇನೆ. ತೂಕ, ಲಾಟ್, ಗ್ರೇಡಿಂಗ್, ಬಿಲ್ಲು ಎಲ್ಲ ಅದರಲ್ಲೇ ನಡೆಯುತ್ತದೆ. ನಮ್ಮ ಕೋಡ್ ಮೊದಲಿನಿಂದಲೂ ಮರ್ಕ್ಯುರಿಯಲ್‌ನಲ್ಲಿದೆ, ಅಂದರೆ ಕೋಡ್‌ನ ಪ್ರತಿ ಬದಲಾವಣೆಯ ಇತಿಹಾಸ ಇಡುವ ವರ್ಷನ್ ಕಂಟ್ರೋಲ್ ಪ್ರೋಗ್ರಾಂನಲ್ಲಿ. ಅಂಥದ್ದೇ ಇನ್ನೊಂದಾದ ಗಿಟ್‌ಗೆ ಹೋಗೋಣ ಅಂತ ಆಗಾಗ ಮಾತು ಬರುತ್ತದೆ. ಆದರೆ ಹಳೆಯ ಇತಿಹಾಸ, ಹಳೆಯ ಸ್ಕ್ರಿಪ್ಟ್‌ಗಳು ಎಲ್ಲ ಇದಕ್ಕೇ ಹೊಂದಿಕೊಂಡಿವೆ. ನನಗೂ ಮರ್ಕ್ಯುರಿಯಲ್ ಇಷ್ಟ.

ತೊಂದರೆ ಏನೆಂದರೆ ರೆಪೊ (ಕೋಡ್ ಮತ್ತು ಅದರ ಇತಿಹಾಸ ಇರುವ ಫೋಲ್ಡರ್) ತುಂಬಾ ಬೆಳೆದಿದೆ. ಗ್ರೇಡಿಂಗ್ ಯಂತ್ರದ ಕ್ಯಾಮೆರಾ ತೆಗೆದ ಬೀಜದ ಫೋಟೊಗಳು, ಟೆಸ್ಟ್ ಡೇಟಾ ಸೇರಿ ಲಕ್ಷಕ್ಕೂ ಜಾಸ್ತಿ ಫೈಲ್‌ಗಳಿವೆ. ಯಾವ ಫೈಲ್ ಬದಲಾಗಿದೆ ಎಂದು ಹೇಳುವ ಎಚ್‌ಜಿ ಸ್ಟೇಟಸ್ (ಎಚ್‌ಜಿ ಅಂದರೆ ಮರ್ಕ್ಯುರಿಯಲ್‌ನ ಕಮಾಂಡ್) ಕೊಟ್ಟರೆ ಉತ್ತರಕ್ಕೆ ಕಾಯುತ್ತಾ ಕೂರಬೇಕು. ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸುವ ಕಮಿಟ್ ಅಂತೂ ಇನ್ನೂ ನಿಧಾನ. ಮಳೆಗಾಲದಲ್ಲಿ ನಾನು ಮನೆಯಿಂದ ಕೆಲಸ ಮಾಡುವುದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತದೆ, ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ, ಆಗ ಇನ್ನೂ ಕಷ್ಟ.

ಮರ್ಕ್ಯುರಿಯಲ್‌ನ ಕೆಲವು ಭಾಗಗಳನ್ನು ಪೈಥಾನ್ ಭಾಷೆಯಿಂದ ರಸ್ಟ್ ಭಾಷೆಗೆ ಬದಲಾಯಿಸುತ್ತಿದ್ದಾರೆ ಎಂದು ಓದಿದೆ. ಅದರಿಂದ ನಮಗೆ ಏನಾದರೂ ಸಿಗುತ್ತದಾ? ಇನ್ನೊಂದು ಪ್ರಶ್ನೆಯೂ ಇದೆ. ನಮ್ಮದೇ ಒಂದಷ್ಟು ಪೈಥಾನ್ ಹುಕ್‌ಗಳಿವೆ, ಕಮಿಟ್‌ನಂಥ ಕೆಲಸದ ಹೊತ್ತಿಗೆ ತಾವಾಗಿಯೇ ಓಡುವ ಸ್ಕ್ರಿಪ್ಟ್‌ಗಳು. ಅವನ್ನೆಲ್ಲ ರಸ್ಟ್‌ನಲ್ಲಿ ಬರೆಯೋಣ ಎಂದು ತಂಡದಲ್ಲಿ ಒಬ್ಬರು ಹಟ ಹಿಡಿದಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಸಾಲಗಾಮೆ ರೋಡ್ ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಅಮ್ಮಾ. ಹಾಸನದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವಾಗ ಮರ್ಕ್ಯುರಿಯಲ್‌ನ ಒಳಗಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ನವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವರ್ಷನ್ ಕಂಟ್ರೋಲ್ ಉಚಿತವಾಗಿ ಸಿಗುವುದು ನಿಂತಿತು. ಅದೇ ತಿಂಗಳು ಎರಡು ಹೊಸ ವ್ಯವಸ್ಥೆಗಳು ಹುಟ್ಟಿದವು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದರು. ಒಲಿವಿಯಾ ಮ್ಯಾಕಾಲ್ ಮರ್ಕ್ಯುರಿಯಲ್ ಪ್ರಕಟಿಸಿದರು. ಗಿಟ್‌ನ ತಿರುಳು ಸಿ ಭಾಷೆಯಲ್ಲಿ, ಮೇಲಿನ ಕಮಾಂಡ್‌ಗಳಲ್ಲಿ ಹಲವು ಆಗ ಶೆಲ್ ಮತ್ತು ಪರ್ಲ್‌ನಲ್ಲಿದ್ದವು. ಮರ್ಕ್ಯುರಿಯಲ್ ಬಹುಪಾಲು ಪೈಥಾನ್. ಕೆಲಸದ ಹೊರೆ ಜಾಸ್ತಿ ಇರುವ ಕೆಲವೇ ಜಾಗಗಳಲ್ಲಿ ಸಿ: ಎರಡು ಫೈಲ್‌ಗಳ ವ್ಯತ್ಯಾಸ ಹುಡುಕುವುದು, ಪ್ಯಾಚ್ ಜೋಡಿಸುವುದು, ಇಂಡೆಕ್ಸ್ ಓದುವುದು. ಅಂದರೆ 'ನಿಧಾನ ಭಾಷೆಯಲ್ಲಿ ಬರೆದು, ಬೇಕಾದಲ್ಲಿ ಮಾತ್ರ ವೇಗದ ಭಾಷೆ' ಎನ್ನುವುದು ಅವರಿಗೆ ಹೊಸತೇನಲ್ಲ. ರಸ್ಟ್ ಬಂದಿದ್ದು ಅದೇ ದಾರಿಯ ಮುಂದಿನ ಹೆಜ್ಜೆ.

ನೀವು ಸ್ಟೇಟಸ್ ಕೊಟ್ಟಾಗ ನಡೆಯುವುದನ್ನು ಬಿಡಿಸಿ ನೋಡಿ. ಮೊದಲು ಪೈಥಾನ್ ಎದ್ದು ನಿಲ್ಲಬೇಕು. ಮಾಡ್ಯೂಲ್‌ಗಳು, ಎಕ್ಸ್‌ಟೆನ್ಷನ್‌ಗಳು ಲೋಡ್ ಆಗಬೇಕು, ಕಾನ್ಫಿಗ್ ಓದಬೇಕು. ಆಮೇಲೆ ಡರ್‌ಸ್ಟೇಟ್ ಎನ್ನುವ ಫೈಲ್ ಓದಬೇಕು. ಕಳೆದ ಸಲ ಪ್ರತಿ ಫೈಲ್‌ನ ಗಾತ್ರ ಎಷ್ಟಿತ್ತು, ಬದಲಾದ ಸಮಯ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ನಂತರ ಪ್ರತಿ ಫೋಲ್ಡರ್ ತೆರೆದು, ಪ್ರತಿ ಫೈಲ್‌ಗೂ ಆಪರೇಟಿಂಗ್ ಸಿಸ್ಟಮ್‌ನ ಹತ್ತಿರ 'ಇದರ ಗಾತ್ರ ಎಷ್ಟು, ಯಾವಾಗ ಬದಲಾಯಿತು' ಎಂದು ಕೇಳಬೇಕು. ಉತ್ತರ ಹೊಂದದಿದ್ದರೆ ಫೈಲ್ ತೆರೆದು ಒಳಗಿನದನ್ನು ಹೋಲಿಸಬೇಕು. ಲೆಕ್ಕಕ್ಕಿಲ್ಲದ ಹೊಸ ಫೈಲ್ ಕಂಡರೆ ಇಗ್ನೋರ್ ಪಟ್ಟಿಯ (ಇಂಥ ಹೆಸರಿನ ಫೈಲ್ ನೋಡಬೇಡ ಎಂದು ನಾವು ಬರೆದಿಟ್ಟದ್ದು) ಪ್ಯಾಟರ್ನ್‌ಗಳ ಜೊತೆ ತಾಳೆ ನೋಡಬೇಕು. ಕೊನೆಗೆ ಪರದೆಯ ಮೇಲೆ ಬರೆಯಬೇಕು.

ಈ ಹಂತಗಳಲ್ಲಿ ಕೆಲವಕ್ಕೆ ಭಾಷೆ ಕಾರಣ, ಕೆಲವಕ್ಕೆ ಡಿಸ್ಕ್ ಕಾರಣ, ಕೆಲವಕ್ಕೆ ಡೇಟಾ ಇಟ್ಟಿರುವ ರೀತಿ ಕಾರಣ. ಹತ್ತು ಸೆಕೆಂಡಿನ ಕೆಲಸದಲ್ಲಿ ಮೂರು ಸೆಕೆಂಡ್ ಮಾತ್ರ ಪೈಥಾನ್‌ನದ್ದು ಅಂದುಕೊಳ್ಳಿ. ಅದನ್ನು ಪೂರ್ತಿ ಸೊನ್ನೆ ಮಾಡಿದರೂ ಏಳು ಸೆಕೆಂಡ್ ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲು ಅಳತೆ ಮಾಡಿ. ಮರ್ಕ್ಯುರಿಯಲ್‌ನಲ್ಲೇ ಪ್ರೊಫೈಲ್ ಆಪ್ಷನ್ ಇದೆ, ಸಮಯ ಯಾವ ಕೋಡ್‌ನಲ್ಲಿ ಹೋಯಿತು ಎಂದು ತೋರಿಸುತ್ತದೆ. ಸ್ಟೇಟಸ್ ಜೊತೆ ಅದನ್ನು ಹಾಕಿ, ಬಂದದ್ದನ್ನು ಇಲ್ಲಿ ಹೇಳಿ. ಜೊತೆಗೆ ಎಚ್‌ಜಿ ಡೀಬಗ್‌ಇನ್‌ಸ್ಟಾಲ್ ಕೊಟ್ಟು ರಸ್ಟ್ ಎಕ್ಸ್‌ಟೆನ್ಷನ್ ಇದೆಯೋ ಇಲ್ಲವೋ ನೋಡಿ.

ಅರಸೀಕೆರೆ ಜಂಕ್ಷನ್

ಮೇಷ್ಟ್ರೇ, ಒಂದು ಅನುಮಾನ. ಸಿ ಆಗಲೇ ಇತ್ತಲ್ವಾ? ವೇಗ ಬೇಕಿದ್ದರೆ ಇನ್ನಷ್ಟು ಸಿ ಬರೆದರೆ ಆಯ್ತು. ಹೊಸ ಭಾಷೆ, ಹೊಸ ಕಂಪೈಲರ್, ಹೊಸ ಬಿಲ್ಡ್ ಯಾಕೆ? ಇರುವ ವಲಂಟಿಯರ್‌ಗಳೇ ಕಡಿಮೆ.

ಹಾಸನ ರಸ್ಟ್ ಹುಡುಗ

ಅಣ್ಣಾ, ಇದಕ್ಕೆ ನಾನು ಹೇಳುತ್ತೇನೆ. ದಿನವೂ ರಸ್ಟ್ ಬರೆಯುವವನು, ಆ ಭಾಷೆಯ ಮೇಲೆ ಪ್ರೀತಿ ಇದೆ.

ಪೈಥಾನ್ ಒಳಗೆ ಕೂರುವ ಸಿ ಕೋಡ್ ಬರೆಯುವುದು ಬಹಳ ಸೂಕ್ಷ್ಮದ ಕೆಲಸ. ಪ್ರತಿ ಆಬ್ಜೆಕ್ಟ್‌ಗೆ ಎಷ್ಟು ಜನ ಕೈ ಹಾಕಿದ್ದಾರೆ ಎನ್ನುವ ಲೆಕ್ಕ ನೀವೇ ಇಡಬೇಕು. ಒಂದು ಕಡೆ ಲೆಕ್ಕ ತಪ್ಪಿದರೆ ಮೆಮೊರಿ ಸೋರುತ್ತದೆ, ಇಲ್ಲವೇ ಪ್ರೋಗ್ರಾಂ ಕುಸಿಯುತ್ತದೆ. ವರ್ಷನ್ ಕಂಟ್ರೋಲ್ ಅಂದರೆ ಜನ ತಮ್ಮ ವರ್ಷಗಟ್ಟಲೆ ಕೆಲಸ ಒಪ್ಪಿಸಿರುವ ಜಾಗ. ಅಲ್ಲಿ ಮೆಮೊರಿ ತಪ್ಪು ಸಹಿಸೋಕೆ ಆಗಲ್ಲ. ರಸ್ಟ್‌ನಲ್ಲಿ ಇಂಥ ತಪ್ಪುಗಳಲ್ಲಿ ಬಹುಪಾಲನ್ನು ಕಂಪೈಲರ್ ಮೊದಲೇ ಹಿಡಿಯುತ್ತದೆ. ಬೇಡವಾದ ಮೆಮೊರಿಯನ್ನು ಓಡುವಾಗ ಹುಡುಕಿ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಇಲ್ಲ, ಆದ್ದರಿಂದ ಸಿ ಹತ್ತಿರದ ವೇಗವೂ ಸಿಗುತ್ತದೆ.

ಎರಡನೆಯದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಸಾಲುಗಳು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಈಗ ನಾಲ್ಕು, ಎಂಟು ಕೋರ್ ಇರುತ್ತವೆ. ಮಾಮೂಲಿ ಪೈಥಾನ್‌ನ ಜಾಗತಿಕ ಲಾಕ್‌ನಿಂದಾಗಿ ಪೈಥಾನ್ ಕೋಡ್ ಒಂದು ಸಲಕ್ಕೆ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ರಸ್ಟ್ ಕಡೆ ಸ್ಟೇಟಸ್‌ನ ಕೆಲಸವನ್ನು ಎಲ್ಲ ಕೋರ್‌ಗಳಿಗೂ ಹಂಚಬಹುದು. ರೇಯಾನ್ ಎನ್ನುವ ಲೈಬ್ರರಿ ಇದನ್ನು ಬಹಳ ಸುಲಭ ಮಾಡಿದೆ. ಇದೇ ಕೆಲಸ ಸಿ ಭಾಷೆಯಲ್ಲಿ ಆಗುವುದಿಲ್ಲವಾ? ಆಗುತ್ತದೆ. ಆದರೆ ಎರಡು ಥ್ರೆಡ್ ಒಂದೇ ಡೇಟಾದ ಮೇಲೆ ಏಕಕಾಲಕ್ಕೆ ಕೈ ಹಾಕಿದರೆ ರಸ್ಟ್ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಸಿ ನಿಲ್ಲಿಸುವುದಿಲ್ಲ. ಗ್ರಾಹಕರ ಮನೆಯಲ್ಲಿ ಯಾವಾಗಲೋ ಒಮ್ಮೆ ತೋರುವ ತಪ್ಪನ್ನು ಹುಡುಕುವ ಕಷ್ಟ ಪಟ್ಟವರಿಗೇ ಗೊತ್ತು.

ಇನ್ನು ಪೈಥಾನ್ ಮತ್ತು ರಸ್ಟ್ ನಡುವಿನ ಗಡಿ ದಾಟುವ ಖರ್ಚು. ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಪೈಥಾನ್ ಲೂಪ್ ಒಳಗಿನ ಒಂದು ಸಣ್ಣ ಫಂಕ್ಷನ್ ಮಾತ್ರ ರಸ್ಟ್‌ಗೆ ತಂದರೆ ಎಷ್ಟೋ ಸಲ ಏನೂ ಲಾಭ ಆಗಲ್ಲ. ಲಕ್ಷ ಫೈಲ್ ಇದ್ದರೆ ಲಕ್ಷ ಸಲ ಪೈಥಾನ್ ಆಬ್ಜೆಕ್ಟ್ ಬಿಚ್ಚಬೇಕು, ರಸ್ಟ್‌ನ ರೂಪಕ್ಕೆ ತರಬೇಕು, ಉತ್ತರ ಬಂದ ಮೇಲೆ ಮತ್ತೆ ಪೈಥಾನ್ ಆಬ್ಜೆಕ್ಟ್ ಮಾಡಬೇಕು. ಆ ಓಡಾಟಕ್ಕೇ ಸಮಯ ಹೋಗುತ್ತದೆ. ಲೂಪ್ ಪೂರ್ತಿ ರಸ್ಟ್ ಕಡೆ ಹೋಗಬೇಕು. 'ಈ ಫೋಲ್ಡರ್ ನೋಡಿ ಬದಲಾದವುಗಳ ಪಟ್ಟಿ ಕೊಡು' ಎಂದು ಒಂದು ಸಲ ಕೇಳಬೇಕು, ಉತ್ತರ ಒಂದು ಸಲ ಬರಬೇಕು. ಹಾಗಾಗಿಯೇ ಮರ್ಕ್ಯುರಿಯಲ್‌ನವರು ಡರ್‌ಸ್ಟೇಟ್ ಓದುವುದು, ಫೋಲ್ಡರ್ ಸುತ್ತುವುದು, ಇಗ್ನೋರ್ ಪ್ಯಾಟರ್ನ್ ತಾಳೆ ನೋಡುವುದು ಎಲ್ಲವನ್ನೂ ಒಟ್ಟಿಗೇ ರಸ್ಟ್‌ಗೆ ತಂದರು. ಸುಮ್ನೆ ಒಂದೊಂದು ಫಂಕ್ಷನ್ ಬದಲಾಯಿಸುತ್ತಾ ಹೋಗಿದ್ದರೆ ಈ ಫಲ ಸಿಗುತ್ತಿರಲಿಲ್ಲ.

ಐಜಿ ರೋಡ್ ವಿದ್ಯಾರ್ಥಿ

ರಸ್ಟ್ ಅಣ್ಣ ಹೇಳಿದ್ದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅಕ್ಷರಶಃ ಹೊಂದುತ್ತದೆ. ನಾವು ಚಿಕ್ಕಮಗಳೂರಿನಲ್ಲಿ ಪೈಥಾನ್‌ನಲ್ಲೇ ಒಂದು ಪುಟ್ಟ ವರ್ಷನ್ ಕಂಟ್ರೋಲ್ ಬರೆಯುತ್ತಿದ್ದೇವೆ, ಕಲಿಯುವುದಕ್ಕೆ. ಈಗ ರಸ್ಟ್ ಸೇರಿಸೋಣ ಎಂದು ಹೊರಟಿದ್ದೇವೆ. ಒಂದು ಪ್ರಶ್ನೆ. ನಮ್ಮಲ್ಲಿ ಕನ್ನಡ ಹೆಸರಿನ ಫೈಲ್‌ಗಳಿವೆ. ರಸ್ಟ್‌ನ ಸ್ಟ್ರಿಂಗ್ ಯೂನಿಕೋಡ್ ಅಂತಾರೆ, ಹಾಗಿದ್ದರೆ ಫೈಲ್ ಹೆಸರನ್ನೂ ಸ್ಟ್ರಿಂಗ್‌ನಲ್ಲೇ ಇಟ್ಟರೆ ಸರಿ ತಾನೇ?

ಹಾಸನ ರಸ್ಟ್ ಹುಡುಗ

ಬೇಡ ತಮ್ಮಾ, ಅಲ್ಲೇ ಎಲ್ಲರೂ ಎಡವುವುದು. ರಸ್ಟ್‌ನ ಸ್ಟ್ರಿಂಗ್ ಸರಿಯಾದ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಆಗಿರಲೇಬೇಕು. ಲಿನಕ್ಸ್‌ನಲ್ಲಿ ಫೈಲ್ ಹೆಸರು ಅಂದರೆ ಬರೀ ಬೈಟ್‌ಗಳು. ಅದರಲ್ಲಿ ಸೊನ್ನೆ ಬೈಟ್ ಮತ್ತು ಓರೆಗೆರೆ ಬಿಟ್ಟು ಏನು ಬೇಕಾದರೂ ಇರಬಹುದು. ಯಾರೋ ಹಳೆಯ ಫಾಂಟ್ ಕಾಲದಲ್ಲಿ ಇಟ್ಟ ಹೆಸರು ಯುಟಿಎಫ್-8 ಆಗಿಯೇ ಇಲ್ಲದಿರಬಹುದು. ನಿಮ್ಮ ಟೂಲ್ ಅಂಥ ಫೈಲ್ ಕಂಡ ತಕ್ಷಣ ಕೈ ಚೆಲ್ಲಬಾರದು. ಮರ್ಕ್ಯುರಿಯಲ್‌ನ ರಸ್ಟ್ ಕೋಡ್‌ನಲ್ಲಿ ಇದಕ್ಕಾಗಿಯೇ ಎಚ್‌ಜಿಪಾತ್ ಎಂಬ ಬೇರೆಯೇ ಟೈಪ್ ಮಾಡಿದ್ದಾರೆ. ಒಳಗೆ ಬೈಟ್‌ಗಳನ್ನಷ್ಟೇ ಇಡುತ್ತದೆ, ಪರದೆಗೆ ತೋರಿಸುವಾಗ ಮಾತ್ರ ಅಕ್ಷರದ ಚಿಂತೆ.

ಇನ್ನೊಂದು ಎಚ್ಚರ. ಉದ್ದವನ್ನು ಅಕ್ಷರದಲ್ಲಿ ಅಳೆಯಬೇಡ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಮೂರು ಬೈಟ್ ತೆಗೆದುಕೊಳ್ಳುತ್ತದೆ. 'ಕಾಫಿ' ಎಂದು ಫೈಲ್‌ಗೆ ಹೆಸರಿಟ್ಟರೆ ಕಣ್ಣಿಗೆ ಎರಡು ಅಕ್ಷರ, ಒಳಗೆ ನಾಲ್ಕು ಸಂಕೇತ, ಡಿಸ್ಕ್‌ನಲ್ಲಿ 12 ಬೈಟ್. ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ ಇರುತ್ತದೆ. ಕನ್ನಡದಲ್ಲಿ ಉದ್ದ ಹೆಸರಿಟ್ಟರೆ ಅದು ಬೇಗ ಮುಗಿಯುತ್ತದೆ. ಗಿಟ್‌ನಲ್ಲಿ ಸ್ಟೇಟಸ್ ಕೊಟ್ಟಾಗ ಕನ್ನಡ ಹೆಸರು ಬರೀ ಅಂಕಿಗಳಾಗಿ ಕಾಣುತ್ತದಲ್ಲ, ಅದೂ ಈ ಬೈಟ್‌ಗಳೇ. ಕೋರ್ ಕೋಟ್‌ಪಾತ್ ಸೆಟ್ಟಿಂಗ್ ಆಫ್ ಮಾಡಿದರೆ ಅಕ್ಷರವಾಗಿಯೇ ಕಾಣುತ್ತದೆ.

ಅರಸೀಕೆರೆ ಜಂಕ್ಷನ್

ಮೆಮೊರಿ, ಥ್ರೆಡ್ ಮಾತು ಒಪ್ಪಿದೆ. ಆದರೂ 'ಭಾಷೆ ಬದಲಾಯಿಸಿದರೆ ವೇಗ' ಎನ್ನುವ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆ. ಕಾರಣ ಹೇಳುತ್ತೇನೆ.

2014ರ ಜನವರಿಯಲ್ಲಿ ಫೇಸ್‌ಬುಕ್‌ನ ಎಂಜಿನಿಯರ್‌ಗಳು ತಾವು ಮರ್ಕ್ಯುರಿಯಲ್‌ಗೆ ಯಾಕೆ ಬಂದೆವು ಎಂದು ಬರೆದರು. ಅವರ ರೆಪೊದಲ್ಲಿ ಮರ್ಕ್ಯುರಿಯಲ್‌ನ ಸ್ಟೇಟಸ್ ಗಿಟ್‌ನ ಸ್ಟೇಟಸ್‌ಗಿಂತ ಐದು ಪಟ್ಟು ವೇಗವಾಯಿತು ಎಂದು ಹೇಳಿಕೊಂಡಿದ್ದರು. ಪೈಥಾನ್‌ನಲ್ಲಿ ಬರೆದದ್ದು ಸಿ ಭಾಷೆಯಲ್ಲಿ ಬರೆದದ್ದನ್ನು ಹಿಂದೆ ಹಾಕಿತು! ಹೇಗೆ? ವಾಚ್‌ಮನ್ ಎನ್ನುವ ಪ್ರೋಗ್ರಾಂ ಹಿನ್ನೆಲೆಯಲ್ಲಿ ಕೂತು, ಯಾವ ಫೈಲ್ ಬದಲಾಯಿತು ಎಂದು ಆಪರೇಟಿಂಗ್ ಸಿಸ್ಟಮ್‌ನಿಂದಲೇ ಕೇಳಿಕೊಳ್ಳುತ್ತಿತ್ತು. ಸ್ಟೇಟಸ್ ಕೊಟ್ಟಾಗ ಎಲ್ಲ ಫೈಲ್ ನೋಡುವ ಕೆಲಸವೇ ಇರಲಿಲ್ಲ, ಬದಲಾದಷ್ಟನ್ನು ನೋಡಿದರೆ ಸಾಕಿತ್ತು. ಆಮೇಲೆ ಗಿಟ್‌ಗೂ ಇದೇ ತರಹದ ಎಫ್‌ಎಸ್‌ಮಾನಿಟರ್ ಬಂತು.

ಗಿಟ್‌ನ ಇಂಡೆಕ್ಸ್ ಫೈಲ್ ನೋಡಿ. ಎಲ್ಲ ಫೈಲ್‌ಗಳ ಉದ್ದ ಪಟ್ಟಿ ಅದು. ಒಂದು ಫೈಲ್ ಆಡ್ ಮಾಡಿದರೂ ಸಾಮಾನ್ಯವಾಗಿ ಪೂರ್ತಿ ಮತ್ತೆ ಬರೆಯಬೇಕು, ಕೊನೆಯಲ್ಲಿ ಫೈಲ್ ಕೆಟ್ಟಿಲ್ಲ ಎಂದು ತಿಳಿಯಲು ಚೆಕ್‌ಸಮ್ ಹಾಕಬೇಕು. 2017ರ ಹೊತ್ತಿಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ರೆಪೊ ಸುಮಾರು 35 ಲಕ್ಷ ಫೈಲ್, 300 ಜಿಬಿ ಇತ್ತು. ಗಿಟ್ ಸಿ ಭಾಷೆಯದ್ದೇ ಆದರೂ ಹಾಗೇ ಬಳಸೋಕೆ ಆಗಲಿಲ್ಲ. ಅವರು ಭಾಷೆ ಬದಲಾಯಿಸಲಿಲ್ಲ. ಬೇಕಾದ ಫೈಲ್ ಮಾತ್ರ ಡಿಸ್ಕ್‌ಗೆ ತರುವ ಫೈಲ್ ಸಿಸ್ಟಮ್ ಕಟ್ಟಿದರು. 2018ರಲ್ಲಿ ಗಿಟ್ 2.18ಕ್ಕೆ ಬಂದ ಕಮಿಟ್-ಗ್ರಾಫ್ ಕೂಡ ಅಂಥದ್ದೇ. ಕಮಿಟ್‌ಗಳ ತಂದೆ-ಮಕ್ಕಳ ಸಂಬಂಧವನ್ನು ಪ್ರತಿ ಸಲ ಬಿಚ್ಚಿ ನೋಡುವ ಬದಲು ಓದಲು ಸುಲಭವಾಗಿ ಬೇರೆ ಕಡೆ ಬರೆದಿಟ್ಟರು. ಕೆಲಸ ಕಡಿಮೆ ಮಾಡುವುದೇ ದೊಡ್ಡ ವೇಗ ಎಂದು ನನ್ನ ಗಟ್ಟಿ ಅಭಿಪ್ರಾಯ.

ಸಾಲಗಾಮೆ ರೋಡ್ ಮೇಷ್ಟ್ರು

ಜಂಕ್ಷನ್ ಅವರ ಮಾತು ನೂರಕ್ಕೆ ನೂರು ಸರಿ. ಅದನ್ನು ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗುತ್ತೇನೆ. ಮರ್ಕ್ಯುರಿಯಲ್‌ನ ರಸ್ಟ್ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಡರ್‌ಸ್ಟೇಟ್‌ನ ಎರಡನೆಯ ಆವೃತ್ತಿ. 2021ರ ನವೆಂಬರ್‌ನಲ್ಲಿ ಮರ್ಕ್ಯುರಿಯಲ್ 6.0 ಜೊತೆ ಬಂತು. ಭಾಷೆ ಮತ್ತು ಡೇಟಾದ ರೂಪ ಎರಡೂ ಕೈ ಹಿಡಿದು ನಡೆದದ್ದು ಅಲ್ಲಿ.

ಹಳೆಯ ಡರ್‌ಸ್ಟೇಟ್ ಹೇಗಿದೆ ಎಂದು ಹತ್ತಿರದಿಂದ ನೋಡಿ. ಮೊದಲ 40 ಬೈಟ್ ಎರಡು ತಂದೆ ಕಮಿಟ್‌ಗಳ ಗುರುತು, 20 ಮತ್ತು 20. ಅದಾದ ಮೇಲೆ ಒಂದೊಂದು ಫೈಲ್‌ಗೂ ಒಂದೊಂದು ದಾಖಲೆ. ಒಂದು ಬೈಟ್‌ನಲ್ಲಿ ಸ್ಥಿತಿ: ಮಾಮೂಲಿಯೋ, ಹೊಸದಾಗಿ ಸೇರಿದ್ದೋ, ತೆಗೆದದ್ದೋ, ಮರ್ಜ್ ಆದದ್ದೋ. ಆಮೇಲೆ ನಾಲ್ಕು ನಾಲ್ಕು ಬೈಟ್‌ನಂತೆ ಅನುಮತಿ, ಗಾತ್ರ, ಸಮಯ, ಹೆಸರಿನ ಉದ್ದ. ಒಟ್ಟು 17 ಬೈಟ್. ಅದರ ಬೆನ್ನಿಗೇ ಹೆಸರು. ಮುಂದಿನ ಫೈಲ್, ಅದರ ಮುಂದಿನ ಫೈಲ್, ಹೀಗೇ ಕೊನೆಯವರೆಗೆ. ನಡುವಿನ ಒಂದು ಫೋಲ್ಡರ್ ಮಾತ್ರ ಬೇಕೆಂದರೂ ಅಲ್ಲಿಗೆ ನೇರ ಹಾರಲು ಆಗುವುದಿಲ್ಲ, ಮೊದಲಿನಿಂದ ಓದಿಕೊಂಡೇ ಬರಬೇಕು. ಒಂದು ದಾಖಲೆ ಬದಲಾದರೆ ಇಡೀ ಫೈಲ್ ಮತ್ತೆ ಬರೆಯಬೇಕು. ತೋಟದ ಹಾಜರಿ ಪುಸ್ತಕದಲ್ಲಿ ಒಬ್ಬ ಆಳಿನ ಹಾಜರಿ ತಿದ್ದಲು ಇಡೀ ಪುಸ್ತಕವನ್ನೇ ಹೊಸದಾಗಿ ನಕಲು ಮಾಡಿದಂತೆ.

ಹೊಸದರಲ್ಲಿ ಡೇಟಾ ಮರದ ಆಕಾರದಲ್ಲಿದೆ. ಫೋಲ್ಡರ್ ಒಳಗೆ ಅದರ ಮಕ್ಕಳು. ಒಂದು ಪುಟ್ಟ ಫೈಲ್ 'ನಿಜವಾದ ಡೇಟಾ ಇಂಥ ಕಡೆ ಇದೆ' ಎಂದು ತೋರಿಸುತ್ತದೆ. ಆ ಡೇಟಾ ಫೈಲ್ ಅನ್ನು ಹಾಗೇ ಮೆಮೊರಿಗೆ ಮ್ಯಾಪ್ ಮಾಡಬಹುದು, ಮುಟ್ಟಿದ ಭಾಗ ಮಾತ್ರ ಓದಿದರೆ ಸಾಕು. ಬದಲಾವಣೆ ಆದರೆ ಕೊನೆಗೆ ಸೇರಿಸುತ್ತಾರೆ. ಬಳಕೆಯಲ್ಲಿಲ್ಲದ ಹಳೆಯ ಭಾಗ ಜಾಸ್ತಿ ಆದಾಗ ಮಾತ್ರ ಪೂರ್ತಿ ಹೊಸದಾಗಿ ಬರೆಯುತ್ತಾರೆ. ಫೋಲ್ಡರ್‌ಗಳ ಬದಲಾದ ಸಮಯವನ್ನೂ ಇಟ್ಟಿರುತ್ತಾರೆ. ಫೋಲ್ಡರ್‌ನಲ್ಲಿ ಫೈಲ್ ಸೇರದೆ, ಹೋಗದೆ ಇದ್ದರೆ ಅದರ ಸಮಯ ಬದಲಾಗಿರುವುದಿಲ್ಲ. ಆಗ ಫೋಲ್ಡರ್ ತೆರೆದು ಪಟ್ಟಿ ಓದುವ ಕೆಲಸವೇ ತಪ್ಪುತ್ತದೆ.

ಸಮಯದ ವಿಷಯದಲ್ಲಿ ಇನ್ನೊಂದು ನಾಜೂಕು ಇದೆ. ಹಳೆಯದರಲ್ಲಿ ಸಮಯ ಬರೀ ಸೆಕೆಂಡ್ ಲೆಕ್ಕದಲ್ಲಿತ್ತು. ನೀವು ಸ್ಟೇಟಸ್ ಕೊಟ್ಟ ಅದೇ ಸೆಕೆಂಡಿನಲ್ಲಿ ಒಂದು ಫೈಲ್ ಬದಲಾಗಿ, ಗಾತ್ರ ಮಾತ್ರ ಅಷ್ಟೇ ಇದ್ದರೆ? ಬದಲಾವಣೆ ಕಣ್ಣು ತಪ್ಪಿಸಿಕೊಳ್ಳಬಹುದು. ಅದಕ್ಕೇ ಅಂಥ ಫೈಲ್‌ಗೆ ಸಮಯ ನಂಬಬೇಡ ಎಂದು ಗುರುತು ಹಾಕಿ, ಮುಂದಿನ ಸಲ ಒಳಗಿನದನ್ನೇ ಓದಿ ಹೋಲಿಸುತ್ತಾರೆ. ಗಿಟ್‌ಗೂ ಇದೇ ಪಾಡು ಇದೆ. ಹೊಸ ಆವೃತ್ತಿ ನ್ಯಾನೋಸೆಕೆಂಡ್‌ವರೆಗೂ ಇಡುತ್ತದೆ. ಹಾಗಾಗಿ ಸುಮ್ಮನೆ ಮರು ಓದುವ ಫೈಲ್‌ಗಳು ಕಡಿಮೆಯಾದವು. ವೇಗದ ಆಸೆಗೆ ಬಿದ್ದು ಇಂಥ ಕಡೆ ತಪ್ಪು ಉತ್ತರ ಕೊಡುವ ಟೂಲ್ ಯಾರಿಗೂ ಬೇಡ. ವಿದ್ಯಾರ್ಥಿ ತಮ್ಮಾ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದಕ್ಕೊಂದು ಟೆಸ್ಟ್ ಖಂಡಿತ ಬರೆಯಿರಿ.

ಇಷ್ಟಾದರೂ ಈ ರೂಪವನ್ನು ಬರೀ ಪೈಥಾನ್‌ನಲ್ಲಿ ಓದಿದರೆ ನಿಧಾನ. ಬೈಟ್‌ಗಳ ಮೇಲೆ ನೇರವಾಗಿ ಓಡಾಡುವ ಭಾಷೆ ಬೇಕು. ಅದಕ್ಕೇ ರಸ್ಟ್ ಇಲ್ಲದೆ ಬಿಲ್ಡ್ ಮಾಡಿದ ಮರ್ಕ್ಯುರಿಯಲ್, ಈ ಹೊಸ ರೂಪದ ರೆಪೊ ಕಂಡರೆ ಡಿಫಾಲ್ಟ್ ಆಗಿ ನಿರಾಕರಿಸುತ್ತದೆ. ಪರವಾಗಿಲ್ಲ ಅಂದರೆ ಸೆಟ್ಟಿಂಗ್ ಬದಲಾಯಿಸಬೇಕು. ವೇಗಕ್ಕಾಗಿ ರೂಪ ಬದಲಾಯಿತು, ಆ ರೂಪಕ್ಕಾಗಿ ಭಾಷೆ ಬೇಕಾಯಿತು. ಎರಡರಲ್ಲಿ ಒಂದನ್ನೇ ಮಾಡಿದ್ದರೆ ಅರ್ಧ ಫಲ.

ಮೂಡಿಗೆರೆ ಮಳೆ

ಮೇಷ್ಟ್ರೇ, ನೀವು ಹೇಳಿದ ಹಾಗೆ ನೋಡಿದೆ. ಡೀಬಗ್‌ಇನ್‌ಸ್ಟಾಲ್ ರಸ್ಟ್ ಎಕ್ಸ್‌ಟೆನ್ಷನ್ ಇಲ್ಲ ಎಂದಿತು. ರಸ್ಟ್ ಸೇರಿಸಿ ಬಿಲ್ಡ್ ಮಾಡಿಕೊಂಡೆ, ಈಗ 'ಇದೆ' ಎನ್ನುತ್ತದೆ. ಉಬುಂಟುನಲ್ಲಿ ಏನೂ ತೊಂದರೆ ಆಗಲಿಲ್ಲ. ಆದರೆ ಸ್ಟೇಟಸ್ ಮೊದಲಿನಷ್ಟೇ ನಿಧಾನ. ಪ್ರೊಫೈಲ್‌ನಲ್ಲಿ ನೋಡಿದರೆ ಪೈಥಾನ್‌ನ ಫೋಲ್ಡರ್ ಸುತ್ತುವ ಕೋಡ್ ಮತ್ತು ಪ್ಯಾಟರ್ನ್ ತಾಳೆ ನೋಡುವ ಕೋಡ್ ಮೇಲೆಯೇ ಕಾಣಿಸುತ್ತಿದೆ. ರಸ್ಟ್ ಇದ್ದೂ ಯಾಕೆ ಪೈಥಾನ್ ಓಡುತ್ತಿದೆ?

ಹಾಸನ ರಸ್ಟ್ ಹುಡುಗ

ಅಕ್ಕಾ, ನಿಮ್ಮ ಇಗ್ನೋರ್ ಫೈಲ್‌ನಲ್ಲಿ ಏನೇನಿದೆ? 'ಇದರ ಮುಂದೆ ಅದು ಇಲ್ಲದಿದ್ದರೆ' ಎನ್ನುವ ತರಹದ, ಅಂದರೆ ಆವರಣದೊಳಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಆಶ್ಚರ್ಯಸೂಚಕ ಇರುವ ರೆಜೆಕ್ಸ್ (ಪಠ್ಯ ಹುಡುಕುವ ಪ್ಯಾಟರ್ನ್) ಏನಾದರೂ ಇದೆಯಾ?

ಮೂಡಿಗೆರೆ ಮಳೆ

ಇದೆ! ಫೋಟೊ ಫೋಲ್ಡರ್‌ನಲ್ಲಿ ಮಾದರಿ ಚಿತ್ರಗಳನ್ನು ಬಿಟ್ಟು ಉಳಿದದ್ದೆಲ್ಲ ಬೇಡ ಎನ್ನಲು ಹಿಂದೆ ಯಾರೋ ಬರೆದದ್ದು.

ಹಾಸನ ರಸ್ಟ್ ಹುಡುಗ

ಸಿಕ್ಕಿತು. ರಸ್ಟ್‌ನ ರೆಜೆಕ್ಸ್ ಲೈಬ್ರರಿಯಲ್ಲಿ ಮುಂದೆ-ಹಿಂದೆ ಇಣುಕಿ ನೋಡುವ ಪ್ಯಾಟರ್ನ್‌ಗಳಿಗೆ ಬೆಂಬಲವಿಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಹುಡುಕುವ ಸಮಯ ಪಠ್ಯದ ಉದ್ದಕ್ಕೆ ತಕ್ಕಂತೆ ಮಾತ್ರ ಬೆಳೆಯಬೇಕು, ಯಾವ ಪ್ಯಾಟರ್ನ್ ಕೊಟ್ಟರೂ ಸಿಕ್ಕಿಹಾಕಿಕೊಳ್ಳಬಾರದು ಎನ್ನುವುದು ಅದರ ನಿಯಮ. ಪೈಥಾನ್‌ನ ರೆಜೆಕ್ಸ್ ಇವನ್ನು ಒಪ್ಪುತ್ತದೆ. ಹಾಗಾಗಿ ತನಗೆ ಅರ್ಥವಾಗದ ಪ್ಯಾಟರ್ನ್ ಕಂಡ ತಕ್ಷಣ ಮರ್ಕ್ಯುರಿಯಲ್‌ನ ರಸ್ಟ್ ಭಾಗ ಕೆಲಸವನ್ನು ಪೈಥಾನ್‌ಗೆ ಒಪ್ಪಿಸಿಬಿಡುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ವೇಗ ಮಾತ್ರ ಹೋಗುತ್ತದೆ. ಇಡೀ ಪಟ್ಟಿಯಲ್ಲಿ ಅಂಥದ್ದು ಒಂದೇ ಸಾಲು ಇದ್ದರೂ ಸಾಕು.

ಆ ಸಾಲನ್ನು ಬಿಡಿಸಿ ಬರೆಯಿರಿ. ಮಾದರಿ ಚಿತ್ರಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ, ಫೋಟೊ ಫೋಲ್ಡರ್ ಪೂರ್ತಿ ಇಗ್ನೋರ್ ಮಾಡುವುದು ಇನ್ನೂ ಒಳ್ಳೆಯದು. ಆಗ ಆ ಫೋಲ್ಡರ್ ಒಳಗೆ ಇಳಿಯುವ ಅಗತ್ಯವೇ ಇರುವುದಿಲ್ಲ.

ಐಜಿ ರೋಡ್ ವಿದ್ಯಾರ್ಥಿ

ಇದು ತುಂಬಾ ಒಳ್ಳೆ ವಿಷಯ ಅಣ್ಣಾ. ಹೊಸ ಕೋಡ್‌ಗೆ ಬಾರದ್ದನ್ನು ಹಳೆಯ ಕೋಡ್‌ಗೆ ಕೊಡುವುದು, ಉತ್ತರ ಮಾತ್ರ ತಪ್ಪಬಾರದು. ನಮ್ಮ ಪ್ರಾಜೆಕ್ಟ್‌ನಲ್ಲೂ ಇದೇ ತರಹ ಮಾಡಬಹುದಲ್ವಾ?

ಹಾಸನ ರಸ್ಟ್ ಹುಡುಗ

ಹಾಗೇ ಮಾಡಿ. ಮರ್ಕ್ಯುರಿಯಲ್‌ನಲ್ಲಿ ಆರ್‌ಎಚ್‌ಜಿ ಎಂಬ ಪ್ರೋಗ್ರಾಂ ಇದೆ, ಪೂರ್ತಿ ರಸ್ಟ್. ಪೈಥಾನ್ ಏಳುವ ಸಮಯವೂ ಅದಕ್ಕೆ ಬೇಡ. ಅದಕ್ಕೆ ಗೊತ್ತಿರುವ ಕಮಾಂಡ್‌ಗಳು ಕೆಲವೇ: ಸ್ಟೇಟಸ್, ಕ್ಯಾಟ್, ಫೈಲ್ಸ್, ರೂಟ್ ಹೀಗೆ. ಗೊತ್ತಿಲ್ಲದ ಕಮಾಂಡ್ ಅಥವಾ ಆಪ್ಷನ್ ಬಂದರೆ ಮಾಮೂಲಿ ಎಚ್‌ಜಿಗೆ ದಾಟಿಸುವಂತೆ ಹೊಂದಿಸಬಹುದು. ಬಳಸುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಗೆ ಮಾಡಿದರೆ ಇಪ್ಪತ್ತು ವರ್ಷದ ಕೋಡ್ ಅನ್ನು ಒಂದೇ ಏಟಿಗೆ ಎಸೆಯಬೇಕಿಲ್ಲ. ಹಳೆಯ ಟೆಸ್ಟ್‌ಗಳನ್ನೇ ಹೊಸದರ ಮೇಲೂ ಓಡಿಸಬಹುದು. ಯಾವುದು ಸರಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಆಲೂರು ಶೆಲ್

ಗಿಟ್ ಕಡೆಯೂ ಇದೇ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ರೀಬೇಸ್, ಸ್ಟ್ಯಾಶ್ ಎಂಬ ಕಮಾಂಡ್‌ಗಳೆಲ್ಲ ಮೊದಲು ಶೆಲ್ ಸ್ಕ್ರಿಪ್ಟ್‌ಗಳು. ಒಂದೊಂದು ಹೆಜ್ಜೆಗೂ ಹೊಸ ಪ್ರೋಸೆಸ್, ಅಂದರೆ ಪ್ರತಿ ಸಲ ಹೊಸದಾಗಿ ಪ್ರೋಗ್ರಾಂ ಎಬ್ಬಿಸುವುದು. ಲಿನಕ್ಸ್‌ನಲ್ಲಿ ಹೇಗೋ ನಡೆಯುತ್ತಿತ್ತು, ವಿಂಡೋಸ್‌ನಲ್ಲಿ ಪ್ರೋಸೆಸ್ ಹುಟ್ಟಿಸುವುದು ದುಬಾರಿ, ಅಲ್ಲಿ ಜನ ಬಹಳ ಒದ್ದಾಡಿದರು. ರೀಬೇಸ್ 2018ರ ಕೊನೆಯಲ್ಲಿ 2.20ರ ಹೊತ್ತಿಗೆ, ಸ್ಟ್ಯಾಶ್ 2019ರಲ್ಲಿ 2.22ಕ್ಕೆ ಸಿ ಆದವು. ಇಲ್ಲಿ ವೇಗದ ಬಹುಪಾಲು ಬಂದದ್ದು ಪ್ರೋಸೆಸ್ ಹುಟ್ಟಿಸುವುದು ನಿಂತಿದ್ದರಿಂದ. ಈಗ ಗಿಟ್ ಒಳಗೂ ರಸ್ಟ್ ಕಾಲಿಟ್ಟಿದೆ. ಫೇಸ್‌ಬುಕ್‌ನ ಮರ್ಕ್ಯುರಿಯಲ್ ಕವಲು 2022ರ ನವೆಂಬರ್‌ನಲ್ಲಿ ಸ್ಯಾಪ್ಲಿಂಗ್ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿತು, ಅದರಲ್ಲಿ ರಸ್ಟ್ ಧಾರಾಳ. ಜುಜುತ್ಸು ಎಂಬ ಇನ್ನೊಂದು ವರ್ಷನ್ ಕಂಟ್ರೋಲ್ ಅಂತೂ ಹುಟ್ಟಿದ್ದೇ ರಸ್ಟ್‌ನಲ್ಲಿ.

ಮಳೆ ಮೇಡಂ, ಪ್ರೋಸೆಸ್ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಿಮ್ಮ ಹುಕ್‌ಗಳು ಒಳಗಿನಿಂದ ಎಚ್‌ಜಿ ಕಮಾಂಡ್ ಕರೆಯುತ್ತವಾ?

ಮೂಡಿಗೆರೆ ಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಒಳ್ಳೆ ಸುದ್ದಿ ಹೇಳುತ್ತೇನೆ. ಇಗ್ನೋರ್ ಸಾಲು ಬಿಡಿಸಿದೆ, ಮಾದರಿ ಚಿತ್ರಗಳನ್ನು ಬೇರೆ ಮಾಡಿದೆ. ಸ್ಟೇಟಸ್ ಈಗ ಕಾಯಿಸುವುದಿಲ್ಲ. ಆಮೇಲೆ ಕಾನ್ಫಿಗ್‌ನ ಫಾರ್ಮ್ಯಾಟ್ ವಿಭಾಗದಲ್ಲಿ ಡರ್‌ಸ್ಟೇಟ್-ವಿ2 ಆನ್ ಮಾಡಿ, ರೆಪೊವನ್ನು ಹೊಸ ರೂಪಕ್ಕೆ ತರುವ ಡೀಬಗ್‌ಅಪ್‌ಗ್ರೇಡ್‌ರೆಪೊ ಓಡಿಸಿದೆ. ಮೊದಲು ರೆಪೊದ ಒಂದು ಕಾಪಿಯ ಮೇಲೆ ಮಾಡಿ ನೋಡಿ, ನಂತರ ನಿಜವಾದದರ ಮೇಲೆ. ಬ್ಯಾಟರಿ ಮೇಲೆ ಓಡುವಾಗಲೂ ಎಂಟರ್ ಒತ್ತಿದ ಕೂಡಲೇ ಬರುತ್ತದೆ. ನಿಜಕ್ಕೂ ಖುಷಿಯಾಯಿತು. ನಮ್ಮ ಕಚೇರಿಯ ಎಲ್ಲ ಯಂತ್ರಗಳಲ್ಲೂ ರಸ್ಟ್ ಇರುವ ಬಿಲ್ಡ್ ಹಾಕಿದ ಮೇಲೆಯೇ ಉಳಿದವರಿಗೂ ಇದೇ ಸೆಟ್ಟಿಂಗ್ ಕೊಡುತ್ತೇನೆ.

ಆಲೂರಿನವರೇ, ನೀವು ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿತು. ಹುಕ್ ಈಗ ತೆರೆದು ಓದಿದೆ. ಕಮಿಟ್ ಆಗುವ ಪ್ರತಿ ಫೈಲ್‌ಗೂ ಒಂದೊಂದು ಸಲ ಎಚ್‌ಜಿ ಕ್ಯಾಟ್ ಕರೆದು ಹಳೆಯ ಪ್ರತಿ ತರಿಸಿ, ಗ್ರೇಡ್ ಪಟ್ಟಿಯ ಜೊತೆ ಹೋಲಿಸುತ್ತದೆ. ಐವತ್ತು ಫೈಲ್ ಇದ್ದರೆ ಐವತ್ತು ಸಲ ಪೈಥಾನ್ ಏಳುತ್ತದೆ. ಇದನ್ನೇ ತಂಡದವರು ರಸ್ಟ್‌ನಲ್ಲಿ ಬರೆಯೋಣ ಎನ್ನುತ್ತಿದ್ದದ್ದು.

ಆಲೂರು ಶೆಲ್

ಹುಕ್ ರಸ್ಟ್‌ನಲ್ಲಿ ಬರೆದರೂ ಒಳಗೆ ಐವತ್ತು ಸಲ ಎಚ್‌ಜಿ ಕರೆದರೆ ಅಷ್ಟೇ ಸಮಯ ಮೇಡಂ. ಎಚ್‌ಜಿ ಕ್ಯಾಟ್‌ಗೆ ಎಲ್ಲ ಫೈಲ್ ಹೆಸರನ್ನೂ ಒಂದೇ ಸಲ ಕೊಡಬಹುದು. ಔಟ್‌ಪುಟ್ ಆಪ್ಷನ್ ಹಾಕಿ ಒಂದು ತಾತ್ಕಾಲಿಕ ಫೋಲ್ಡರ್‌ಗೆ ಬರೆಸಿಕೊಳ್ಳಿ, ಅಲ್ಲಿಂದ ಓದಿ ಹೋಲಿಸಿ. ಐವತ್ತು ಸಲ ಏಳುವುದು ಒಂದು ಸಲಕ್ಕೆ ಬರುತ್ತದೆ.

ಸಾಲಗಾಮೆ ರೋಡ್ ಮೇಷ್ಟ್ರು

ಹೌದು, ಅದೇ ಸರಳ. ಬೇರೆ ಬೇರೆ ಕಮಾಂಡ್ ಬೆರೆಸಿ ಕರೆಯುವ ಹುಕ್ ಇದ್ದರೆ ಕಮಾಂಡ್ ಸರ್ವರ್ ಬಳಸಿ. ಒಂದು ಎಚ್‌ಜಿ ಎದ್ದು ಕೂತಿರುತ್ತದೆ, ಪೈಪ್ ಮೂಲಕ ಒಂದರ ಹಿಂದೊಂದು ಕೇಳುತ್ತಾ ಹೋಗಬಹುದು. ಪೈಥಾನ್‌ನಿಂದ ಮಾತಾಡಲು ಎಚ್‌ಜಿಲಿಬ್ ಇದೆ. ಟರ್ಮಿನಲ್‌ನಲ್ಲಿ ಕೈಯಿಂದ ಕೊಡುವ ಕಮಾಂಡ್‌ಗಳಿಗೆ ಸಿಎಚ್‌ಜಿ ಇದೆ, ಸಿ ಭಾಷೆಯ ಪುಟ್ಟ ಪ್ರೋಗ್ರಾಂ. ಅದು ಕೂಡ ಹಿನ್ನೆಲೆಯಲ್ಲಿ ಎದ್ದು ಕೂತಿರುವ ಎಚ್‌ಜಿಗೇ ಕೆಲಸ ದಾಟಿಸುತ್ತದೆ.

ಇಷ್ಟು ಮಾಡಿ ಮತ್ತೆ ಪ್ರೊಫೈಲ್ ತೆಗೆಯಿರಿ. ಆಮೇಲೂ ಗ್ರೇಡ್ ಪಟ್ಟಿ ಹೋಲಿಸುವ ಲೂಪ್‌ಗೇ ಸಮಯ ಹೋಗುತ್ತಿದ್ದರೆ ಅದನ್ನು ರಸ್ಟ್‌ಗೆ ತನ್ನಿ, ಲೂಪ್ ಪೂರ್ತಿ.

ಮೂಡಿಗೆರೆ ಮಳೆ

ಎಚ್‌ಜಿ ಕ್ಯಾಟ್ ಒಂದೇ ಸಲ ಕರೆಯುವಂತೆ ಬದಲಾಯಿಸಿದೆ. ಕಮಿಟ್ ಈಗ ಆರಾಮಾಗಿ ಆಗುತ್ತದೆ. ಪ್ರೊಫೈಲ್‌ನಲ್ಲಿ ಹೋಲಿಸುವ ಲೂಪ್ ಕಾಣುವುದೇ ಇಲ್ಲ. ತಂಡದವರಿಗೆ ತೋರಿಸಿದೆ, ಹುಕ್‌ಗಳನ್ನು ಪೈಥಾನ್‌ನಲ್ಲೇ ಇಟ್ಟುಕೊಳ್ಳುವುದು ಎಂದು ಒಪ್ಪಿದರು. ಫೋಟೊದಲ್ಲಿ ಬೀಜದ ಬಣ್ಣ ಎಣಿಸುವ ಬೇರೆ ಸ್ಕ್ರಿಪ್ಟ್ ಒಂದಿದೆ, ಅಲ್ಲಿ ಸಮಯ ನಿಜವಾಗಿ ಲೂಪ್‌ನಲ್ಲೇ ಹೋಗುತ್ತಿದೆ. ರಸ್ಟ್ ಅಣ್ಣಾ, ಅದನ್ನು ಬರೆಯಲು ಪೈಒ3 (ರಸ್ಟ್ ಕೋಡ್ ಅನ್ನು ಪೈಥಾನ್‌ಗೆ ಜೋಡಿಸುವ ಲೈಬ್ರರಿ) ಬಳಸುವುದೋ, ಬೇರೆ ಪ್ರೋಗ್ರಾಂ ಮಾಡುವುದೋ?

ಹಾಸನ ರಸ್ಟ್ ಹುಡುಗ

ಪೈಒ3 ಬಳಸಿ ಅಕ್ಕಾ. ಒಂದು ಫೋಟೊದ ಎಲ್ಲ ಪಿಕ್ಸೆಲ್‌ಗಳನ್ನು ಒಟ್ಟಿಗೆ ಬೈಟ್‌ಗಳಾಗಿ ಕಳಿಸಿ, ಎಣಿಕೆ ಮಾತ್ರ ವಾಪಸ್ ತರಿಸಿಕೊಳ್ಳಿ. ಪೈಥಾನ್ ಕಡೆ ಈಗಿರುವ ಟೆಸ್ಟ್‌ಗಳನ್ನು ಮುಟ್ಟಬೇಡಿ, ಅವು ಎರಡಕ್ಕೂ ಓಡಲಿ. ಹೊಸ ಪ್ರಶ್ನೆಯಾಗಿ ಹಾಕಿ, ಆ ಸ್ಕ್ರಿಪ್ಟ್‌ನ ಪ್ರೊಫೈಲ್ ಜೊತೆಗಿರಲಿ.